ಮಾತು ಒಯ್ಯುತ್ತಿದ್ದ ದೊಡ್ಡಪ್ಪ

ದೊಡ್ಡಪ್ಪನ ಬಲಗಿವಿಯಲ್ಲಿ ಕೆಂಪು ಕಲ್ಲಿನ ಒಂಟಿ. ಯಾರಾದರೂ ಮಾತಾಡುವಾಗ ಕತ್ತು ಓರೆ ಮಾಡಿ ಆ ಕಿವಿಯನ್ನೇ ಅವರ ಕಡೆ ಕೊಡುತ್ತಿದ್ದರು. ಮಾತು ಮುಗಿಯುವವರೆಗೆ ಮಿಸುಕುತ್ತಿರಲಿಲ್ಲ. ಕಲ್ಲು ಬಿಳಿಯದು ಎನ್ನುತ್ತಾಳೆ ನನ್ನ ಅಕ್ಕ. ಇರಬಹುದು. ನನ್ನ ನೆನಪು ಎಷ್ಟೋ ಸಲ ಹೀಗೆ ಬಣ್ಣ ಬದಲಿಸಿದೆ.

ಅವರು ನಮ್ಮ ಎದುರು ಮನೆಯವರು. ನೆಂಟರಲ್ಲ, ಅಪ್ಪ ಅವರನ್ನು ಅಣ್ಣ ಎನ್ನುತ್ತಿದ್ದುದರಿಂದ ನಮಗೆ ದೊಡ್ಡಪ್ಪ. ಕಿಬ್ಬನಹಳ್ಳಿ ಸುತ್ತಿನ ಊರುಗಳಲ್ಲಿ ಅಣ್ಣತಮ್ಮಂದಿರು ತೆಂಗಿನ ತೋಟದ ಬದುವಿಗಾಗಿ ಮಾತು ಬಿಟ್ಟರೆ ಇವರಿಗೆ ಕರೆ ಬರುತ್ತಿತ್ತು. ತೀರ್ಪು ಕೊಡುತ್ತಿರಲಿಲ್ಲ. ಈ ಮನೆಯ ಮಾತನ್ನು ಆ ಮನೆಗೆ, ಆ ಮನೆಯದನ್ನು ಈ ಮನೆಗೆ ಒಯ್ಯುವುದಷ್ಟೇ ಕೆಲಸ. ತಂದ ಮಾತು ಹೇಳಿ ಮುಗಿಸುವವರೆಗೆ ಯಾರ ಮನೆಯಲ್ಲೂ ನೀರು ಮುಟ್ಟುತ್ತಿರಲಿಲ್ಲ. “ಬೈಗುಳನೆಲ್ಲ ದಾರೀಲೇ ಬುಟ್ಟು ಬತ್ತೀನಿ, ಕೇಳಿದ್ದನ್ನ ಮಾತ್ರ ತತ್ತೀನಿ” ಎನ್ನುತ್ತಿದ್ದರು.

ಎರಡು ವರ್ಷದ ಹಿಂದೆ ದೂರದ ದೇಶವೊಂದರಲ್ಲಿ ರಾಯಭಾರ ಕಚೇರಿಯ ಮೇಲೆ ದಾಳಿಯಾಗಿ ಇಬ್ಬರು ಅಧಿಕಾರಿಗಳು ಸತ್ತರು. ಮಾರನೆಯ ಬೆಳಿಗ್ಗೆ ಹಾಲಿನ ಡೈರಿ ಜಗಲಿಯ ಮೇಲೆ ಅದೇ ಮಾತು. ಅವರು ಗೂಢಚಾರರೇ ಇರಬೇಕು, ಇನ್ನೇನು ಮಾಡ್ತಾರೆ ಅಲ್ಲಿ ಕೂತು ಎಂದ ಡೈರಿ ಕಾರ್ಯದರ್ಶಿ. ಆ ಊರನ್ನೇ ಸುಟ್ಟುಬಿಡಬೇಕು ಎಂದ ಕೊಬ್ಬರಿ ವ್ಯಾಪಾರಿ. ನಾನು ರಾಜ್ಯಶಾಸ್ತ್ರದಲ್ಲಿ ಎಂ.ಎ. ಮಾಡಿದವನು. ಸತ್ತವರ ದೇಶ ಅಲ್ಲಿನ ಒಳಜಗಳದಲ್ಲಿ ಒಂದು ಪಕ್ಷಕ್ಕೆ ಬಂದೂಕು ಮಾರಿದ್ದನ್ನೂ, ಹಳೆಯ ಸರ್ಕಾರವನ್ನು ಸಾಕಿದ್ದನ್ನೂ ವಿವರಿಸಿದೆ. ಕಾರಣವಿತ್ತು ಎಂದರೆ ಸರಿ ಎಂದಲ್ಲ, ಈಗ ಬಲವಾಗಿ ತಿರುಗಿ ಹೊಡೆಯದಿದ್ದರೆ ನಾಳೆ ಯಾವ ರಾಯಭಾರಿಯೂ ಉಳಿಯುವುದಿಲ್ಲ ಎಂದೂ ಹೇಳಿದೆ.

“ನಮ್ಮೂರ ರಾಯಭಾರಿ ಇಲ್ಲೇ ಕುಂತವ್ರಲ್ಲ, ಅವರನ್ನೇ ಕೇಳಾಣ ತಡಿ” ಎಂದ ವ್ಯಾಪಾರಿ. “ಯುದ್ಧನೋ, ಕಾಫಿ ಕುಡ್ಕಂಡು ರಾಜೀನೋ ಯಜಮಾನ್ರೇ?”

ದೊಡ್ಡಪ್ಪ ನನ್ನ ಕಡೆ ತಿರುಗಿದರು. “ಅವರಿಬ್ರೂ ಏನು ಹೇಳಾಕೆ ಹೋಗಿದ್ರಪ್ಪ ಅಲ್ಲಿಗೆ?”

ನನಗೆ ಗೊತ್ತಿರಲಿಲ್ಲ. ಟಿವಿಯಲ್ಲಿ ಅದನ್ನು ಯಾರೂ ಹೇಳಿರಲಿಲ್ಲ.

“ಆ ಮಾತು ಈಗ ಯಾರು ಹೇಳ್ತಾರೆ?”

ಹೊಡೆದವರನ್ನು ಸುಮ್ಮನೆ ಬಿಡಬೇಕೇ ಎಂದು ಸ್ವಲ್ಪ ಗಡಸಾಗಿಯೇ ಕೇಳಿದೆ.

“ಬುಡು ಅಂದ್ನೇನ್ಲಾ ನಾನು? ಹೊಡ್ದೋನ್ನ ಹಿಡ್ದು ಕೋರ್ಟಿಗೆ ಹಾಕ್ಲಿ. ಅವನ ಊರಿಗ್ಯಾಕೆ ಬೆಂಕಿ?”

ಮಧ್ಯಾಹ್ನ ಊಟಕ್ಕೆ ಕುಳಿತಾಗ ಇದನ್ನೆಲ್ಲ ಅಪ್ಪನಿಗೆ ಹೇಳಿದೆ. ದೊಡ್ಡಪ್ಪನಿಗೆ ಪ್ರಪಂಚ ತಿಳಿಯದು, ಮಾತು ತಂದವನ ಮೇಲೆ ಕೈ ಮಾಡುವವರು ಮನುಷ್ಯರೇ ಅಲ್ಲ ಎಂದೆ. ಅಪ್ಪ ಮುದ್ದೆ ಮುರಿಯುವುದನ್ನು ನಿಲ್ಲಿಸಿದರು.

“ಅವರ ಎಡಗೈ ನೋಡಿದ್ದೀಯಲ್ಲ. ಅದನ್ನ ಮುರ್ದೋನು ನಾನೇ.”

ಆ ಕೈ ಮೊಣಕೈ ಹತ್ತಿರ ನೆಟ್ಟಗಾಗುತ್ತಿರಲಿಲ್ಲ. ಮರದಿಂದ ಬಿದ್ದದ್ದು ಎಂದೇ ನಾವು ತಿಳಿದಿದ್ದೆವು. ಅಪ್ಪ ಹೇಳಿದ್ದು ಇಷ್ಟು: ನಾನು ಹುಟ್ಟುವ ಹಿಂದಿನ ವರ್ಷ, ತೋಟ ಭಾಗವಾಗುವಾಗ, ಬದುವಿನ ಒಂದು ಸಾಲು ಮರಕ್ಕಾಗಿ ಅಪ್ಪನಿಗೂ ಚಿಕ್ಕಪ್ಪನಿಗೂ ಜಗಳ. ಚಿಕ್ಕಪ್ಪನ ಮಾತು ತಂದ ದೊಡ್ಡಪ್ಪ ಅದನ್ನು ಹೇಳುತ್ತಿರುವಾಗಲೇ ಅಪ್ಪ ಗುದ್ದಲಿಯ ಮರದ ಕಾವಿನಿಂದ ಬೀಸಿದರು. ಸಂಜೆಗೆ ದೊಡ್ಡಪ್ಪನ ಕಡೆಯವರು ದೊಣ್ಣೆ ಹಿಡಿದು ನಮ್ಮ ಅಂಗಳಕ್ಕೆ ಬಂದರು. ಟವೆಲಿನಲ್ಲಿ ಕೈಯನ್ನು ಕತ್ತಿಗೆ ಕಟ್ಟಿಕೊಂಡು ದೊಡ್ಡಪ್ಪ ಅವರಿಗೆ ಅಡ್ಡ ನಿಂತು, ಬದುವಿನ ಮೇಲೆ ಜಾರಿ ಬಿದ್ದೆ ಎಂದರಂತೆ. ಯಾರೂ ನಂಬಲಿಲ್ಲ, ಆದರೂ ವಾಪಸು ಹೋದರು. ಮಾರನೆಯ ಬೆಳಿಗ್ಗೆ ದೊಡ್ಡಪ್ಪ ಮತ್ತೆ ಬಂದು ಚಿಕ್ಕಪ್ಪನ ಮಾತನ್ನು ಮೊದಲಿನಿಂದ ಹೇಳಿದರು. ಅಪ್ಪ ಕೇಳಿಸಿಕೊಂಡರು. ಸಾಲನ್ನು ಬಿಟ್ಟುಕೊಟ್ಟರು.

ಆಮೇಲೆ ಎಂದೆ. “ಆಮೇಲೇನು. ದಿನಾ ಎದುರಿಗೇ ಅವ್ರೆ” ಎಂದರು ಅಪ್ಪ.

ಡೈರಿಯಲ್ಲಿ ಕೋರ್ಟಿನ ಮಾತಾಡಿದವರು ಅಪ್ಪನನ್ನು ಮಾತ್ರ ಉಳಿಸಿದ್ದೇಕೆ? ಮರುದಿನ ಹೋಗಿ ಕೇಳಿಯೇಬಿಟ್ಟೆ. ದೊಡ್ಡಪ್ಪ ಗರಿ ಸೀಳಿ ಪೊರಕೆಗೆ ಕಡ್ಡಿ ತೆಗೆಯುತ್ತಿದ್ದರು.

“ಕೋರ್ಟಿಗೆ ಹೋಗಿದ್ರೆ ಸರಿಯಾಗಿರೋದೇನೋ. ಸುಳ್ಳು ಹೇಳ್ದೆ, ಅದು ತಪ್ಪೇ. ನಿಮ್ಮ ಚಿಕ್ಕಪ್ಪನ ಮಾತು ಅರ್ಧಕ್ಕೆ ನಿಂತಿತ್ತು ಕಣಪ್ಪ.” ನಾಲ್ಕಾರು ಕಡ್ಡಿ ತೆಗೆದ ಮೇಲೆ ಮತ್ತೆ ಹೇಳಿದರು: “ನಿಮ್ಮಪ್ಪ ಮಾತ್ರ ಒಂದಿನಾನೂ ಕೇಳ್ಲಿಲ್ಲ, ನೋವೈತಾ ಅಂತ.”

ಅದು ಬೇಸರವೋ, ಬರೀ ಸಂಗತಿಯೋ, ಇವತ್ತಿಗೂ ಹೇಳಲಾರೆ. ಅಪ್ಪನಿಗೆ ಮುಟ್ಟಿಸು ಎಂದೇನೂ ಅವರು ಅಂದಿರಲಿಲ್ಲ. ಆದರೂ ಹೋಗಿ ಹೇಳಿದೆ. “ಒಂದಿನಾನೂ” ಎಂಬುದನ್ನು ಬಿಟ್ಟು ಹೇಳಿದೆ ಎಂದು ನನ್ನ ನೆನಪು. ನನ್ನನ್ನು ಒಳ್ಳೆಯವನಾಗಿ ತೋರಿಸುವ ನೆನಪಾದ್ದರಿಂದ ಪೂರ್ತಿ ನಂಬುವುದಿಲ್ಲ. ಅಪ್ಪ ಕೇಳಿಸಿಕೊಂಡು ತೋಟದ ಕಡೆ ಹೊರಟರು.

ಆ ದೇಶದ ಮೇಲೆ ಬಾಂಬು ಬಿತ್ತು. ಹದಿನೈದು ದಿನದಲ್ಲಿ ಡೈರಿಗೆ ಬೇರೆ ಮಾತು ಬಂತು. ವಾದ ಮಾಡುವುದನ್ನು ನಾನು ಬಿಟ್ಟೆ ಎಂದು ಬರೆಯಹೊರಟಿದ್ದೆ, ಬಿಟ್ಟಿಲ್ಲ. ಆದರೆ ಇಂಥ ದಾಳಿಯ ಸುದ್ದಿ ಬಂದಾಗಲೆಲ್ಲ, ಸತ್ತವರು ಏನು ಹೇಳಲು ಹೋಗಿದ್ದರು ಎಂದು ಮೊದಲು ಹುಡುಕುತ್ತೇನೆ. ಅಷ್ಟನ್ನು ದೊಡ್ಡಪ್ಪನಿಂದ ಪಡೆದೆ. ಹೆಚ್ಚಿನ ಸಲ ಪತ್ರಿಕೆಗಳಲ್ಲಿ ಅದು ಇರುವುದಿಲ್ಲ.

ಕಳೆದ ಮಾಘದಲ್ಲಿ ದೊಡ್ಡಪ್ಪ ತೀರಿಕೊಂಡರು. ಮಣ್ಣು ಮಾಡಿ ಬಂದ ಮೇಲೆ, ಅವರ ಹತ್ತಿರ ಕೊನೆಗೂ ಹೋಗಿದ್ದೆಯಾ ಎಂದು ಅಪ್ಪನನ್ನು ಕೇಳಿದೆ.

“ಹೋಗಿದ್ದೆ. ದೀಪಾವಳಿ ಆದ್ಮೇಲೆ.”

“ಏನಂದ್ಯಪ್ಪ?”

“ಕೈ ನೋಯ್ತದೇನಣ್ಣ ಅಂದೆ.”

“ಅವರು?”

“ಚಳೀಲಿ ಮಾತ್ರ ಅಂದ್ರು.”

ಅಪ್ಪ ಕಾಲು ತೊಳೆಯಲು ಹಿತ್ತಲಿಗೆ ಹೋದರು.