ಅಪ್ಪಯ್ಯ ಇಟ್ಟ ದಾರಂದ

ಫೋಟೊಗೆ ವಾಸನೆ ಇರುವುದಿಲ್ಲ ಅನ್ನುವವರು ಆ ಫೋಟೊ ನೋಡಿಲ್ಲ. ಕ್ಲಿನಿಕ್ಕಿನ ರಿಸೆಪ್ಷನ್ನಿನಲ್ಲಿ ಕೂತು, ಮಧ್ಯಾಹ್ನದ ಚಹಾ ಕುಡಿಯುತ್ತ ಮೊಬೈಲ್ ನೋಡುತ್ತಿದ್ದೆ. ‘ಮಾರಾಟಕ್ಕಿದೆ: ಖಾಲಿದಿಯಾದಲ್ಲಿ ಹಳೆಯ ಕಾಲದ ದೊಡ್ಡ ವಿಲ್ಲಾ, ಸಮುದ್ರಕ್ಕೆ ಹತ್ತಿರ’ ಎಂದಿತ್ತು. ಕೆಳಗೆ ಒಂದು ಬಾಗಿಲಿನ ಚಿತ್ರ. ಅಷ್ಟೇ ನೋಡಿ, ಸಾಗುವಾನಿ ಮರದ ಹುಡಿಗೆ ಬುಖೂರ್ ಎಂಬ ಧೂಪದ ಹೊಗೆ ಬೆರೆತ ವಾಸನೆ ಮೂಗಿಗೆ ರಪ್ಪೆಂದು ಹೊಡೆಯಿತು! ಚಹಾದ ಲೋಟ ಮೇಜಿನ ಮೇಲಿಟ್ಟು ಎದ್ದು ನಿಂತುಬಿಟ್ಟೆ. ಬಾಗಿಲ ಎರಡೂ ಪಡಿಗಳ ಮೇಲೆ ಖರ್ಜೂರದ ಗೊನೆ ಕೆತ್ತಿತ್ತು. ಹಾಗೆಂದು ಮಾಲೀಕರು ನಂಬಿದ್ದರು. ನಮ್ಮೂರಿನವರು ಯಾರೇ ನೋಡಿದರೂ ಅದು ಅಡಿಕೆಯ ಹಿಂಗಾರ ಎನ್ನುತ್ತಾರೆ. ಖರ್ಜೂರ ಕೆತ್ತು ಅಂದರೆ ಹಿಂಗಾರ ಕೆತ್ತಿದ ಆಚಾರಿ ಈ ಭೂಮಿಯ ಮೇಲೆ ಒಬ್ಬರೇ. ಅವರು ನನ್ನ ಅಪ್ಪಯ್ಯ.

ಆ ಮನೆ ನಮ್ಮದಲ್ಲ. ಆದರೆ ನನ್ನ ಬಾಲ್ಯವೆಂದರೆ ಅದೇ. ಅಪ್ಪಯ್ಯ ಕುಂದಾಪುರದ ಬದಿಯಿಂದ ಈ ಅರಬ್ಬರ ನಾಡಿಗೆ ಮರಗೆಲಸಕ್ಕೆಂದು ಬಂದವರು. ಮನೆ ಕಟ್ಟಿ ಮುಗಿದ ಮೇಲೂ ಯಜಮಾನರು ಅವರನ್ನು ಬಿಡಲಿಲ್ಲ. ನಾವೆಲ್ಲ ಯಜಮಾನರನ್ನು ಅರ್ಬಾಬ್ ಎನ್ನುತ್ತಿದ್ದೆವು. ಹಿಂಬದಿಯ ಎರಡು ಕೋಣೆ ಕೊಟ್ಟು, ‘ಹೆಂಡತಿ ಮಗಳನ್ನೂ ಕರೆಸಿಕೋ’ ಎಂದರಂತೆ. ನಾನು ಬಂದಾಗ ನನಗೆ ಆರು ವರ್ಷ. ಎಂಥ ಮನೆ ಅದು! ಬಿಳಿ ಕಮಾನುಗಳ ಸಾಲು, ಓಡಿದರೂ ಮುಗಿಯದ ಜಗಲಿ, ಅಂಗಳದಲ್ಲಿ ಬೋರೆಹಣ್ಣಿನಂಥ ಹಣ್ಣು ಬಿಡುವ ಸಿದ್ರ್ ಮರ, ಅದಕ್ಕೆ ಕಟ್ಟಿದ ಆಡು. ಮಾಳಿಗೆ ಹತ್ತಿದರೆ ಸಮುದ್ರ ಅಲ್ಲೇ, ಕಲ್ಲೆಸೆದರೆ ಬೀಳುವಷ್ಟು ಹತ್ತಿರ. ಈಗ ಮಣ್ಣು ತುಂಬಿ ತುಂಬಿ ಅದನ್ನು ಎಲ್ಲಿಗೋ ಅಟ್ಟಿಬಿಟ್ಟಿದ್ದಾರೆ ಬಿಡಿ. ಏಸಿಯಿಂದ ತೊಟ್ಟಿಕ್ಕುವ ನೀರಿಗೆ ಅಮ್ಮ ಬಾಲ್ದಿ ಇಟ್ಟು, ಅದೇ ನೀರಿನಲ್ಲಿ ಹಾಲಿನ ಪುಡಿಯ ಡಬ್ಬದಲ್ಲಿ ತುಳಸಿ ಬೆಳೆಸಿದ್ದಳು. ಅರ್ಬಾಬರ ಹೆಂಡತಿ ಕಾವಲಿಯ ಮೇಲೆ ರೆಗಾಗ್ ಎಂಬ ತೆಳ್ಳನೆಯ ರೊಟ್ಟಿ ಎಳೆದರೆ ಅಮ್ಮ, “ಇದೆಂತ, ನಮ್ಮ ನೀರ್ ದೋಸೆಯ ತಂಗಿ” ಎಂದು ನಗುವಳು. ಮರುದಿನ ಅಮ್ಮನ ನೀರ್ ದೋಸೆ ಆಚೆ ಮನೆಗೆ. ಆ ಮನೆಯವರಿಗೆ ಅಮ್ಮ ‘ಉಮ್ ಸುಮಾ’, ಅಂದರೆ ಈ ಸುಮಾಳ ತಾಯಿ. ಒಬ್ಬರ ಮಾತು ಒಬ್ಬರಿಗೆ ತಿಳಿಯದು, ಆದರೂ ಬೆಳಗಿನಿಂದ ಮಧ್ಯಾಹ್ನದವರೆಗೆ ಇಬ್ಬರೂ ಹರಟುತ್ತಿದ್ದರು.

ಮಗಳು ಫಾತಿಮಾಳ ಮದುವೆ ಗೊತ್ತಾದಾಗ ಅರ್ಬಾಬರಿಗೆ ಮುಂಬಾಗಿಲು ಬದಲಿಸುವ ಉಮೇದು ಬಂತು. ನನಗಾಗ ಎಂಟು. ಅಪ್ಪಯ್ಯ ಮೂರು ತಿಂಗಳು ಅದರ ಮೇಲೆಯೇ ಬಿದ್ದಿದ್ದರು. ಊಟಕ್ಕೆ ಕೂತಾಗಲೂ ಅವರ ಹುಬ್ಬಿನಲ್ಲಿ ಮರದ ಹುಡಿ ಇರುತ್ತಿತ್ತು. ಬಾಗಿಲು ಕೂರಿಸುವ ಮೊದಲು ಅದರ ಚೌಕಟ್ಟು, ನಮ್ಮ ಕಡೆ ದಾರಂದ ಅನ್ನುತ್ತೇವಲ್ಲ, ಅದನ್ನು ನಿಲ್ಲಿಸಬೇಕು. ದಾರಂದ ನಿಲ್ಲಿಸುವಾಗ ಹೊಸ್ತಿಲ ಕೆಳಗೆ ಒಂದು ಚೂರಾದರೂ ಬಂಗಾರ ಇಡಬೇಕು. ಅದಿಲ್ಲದೆ ನಮ್ಮ ಆಚಾರಿಗಳು ದಾರಂದ ಎತ್ತುವುದಿಲ್ಲ. ಬಂಗಾರ ತರಲು ಅಪ್ಪಯ್ಯ ಮರುವಾರ ದುಬೈಗೆ ಹೋಗುವವರಿದ್ದರು. ಆದರೆ ಆ ಬೆಳಿಗ್ಗೆ ಅರ್ಬಾಬ್ ಬಂದವರೇ ಚಪ್ಪಾಳೆ ತಟ್ಟಿ, “ಯಲ್ಲಾ, ಯಲ್ಲಾ, ಇವತ್ತೇ! ನಾಳೆ ಗಂಡಿನ ಕಡೆಯವರು ಬರುತ್ತಾರೆ” ಎಂದರು. ಸಿಮೆಂಟು ಕಲಸಿ ಆಗಿತ್ತು. ನಾಲ್ಕು ಮಂದಿ ದಾರಂದ ಎತ್ತಿ ಹಿಡಿದು ನಿಂತಿದ್ದರು. ಇಂಥದ್ದೊಂದು ಶಾಸ್ತ್ರವಿದೆ, ಕಾಯಿರಿ ಎಂದು ಹೇಳಲು ಅಪ್ಪಯ್ಯನಿಗೆ ಅಷ್ಟು ಅರಬ್ಬಿಯೂ ಬಾರದು, ಧೈರ್ಯವೂ ಇಲ್ಲ. ಅಡುಗೆಮನೆಗೆ ಓಡಿದರು. ಅಮ್ಮ ಎಣ್ಣೆಸ್ನಾನಕ್ಕೆ ಹೋಗಿದ್ದಳು. ಕಿಟಕಿಯ ಮೇಲೆ ಅವಳ ಏಳು ಕಲ್ಲಿನ ಮೂಗುಬೊಟ್ಟು ಇತ್ತು, ಅವಳ ತವರಿನದು.

ಹೊಸ್ತಿಲ ಬಂಗಾರವನ್ನು ಹೆಣ್ಣುಮಗಳ ಕೈಯಲ್ಲಿ ಇಡಿಸಬೇಕೆಂದು ಅಪ್ಪಯ್ಯ ನನ್ನನ್ನು ಕರೆದರು. ನನ್ನ ಒಂದು ಜಡೆಯ ಕೆಂಪು ರಿಬ್ಬನ್ ಬಿಚ್ಚಿ ಅದರಲ್ಲಿ ಮೂಗುಬೊಟ್ಟು ಸುತ್ತಿದೆವು. ಹೊಸ್ತಿಲ ಕುಳಿಯಲ್ಲಿ ನಾನೇ ಇಟ್ಟೆ. ಮೇಲೆ ಸಿಮೆಂಟು ಬಿತ್ತು. ಅಪ್ಪಯ್ಯ ನನ್ನ ಕಿವಿಯ ಹತ್ತಿರ ಬಗ್ಗಿ, “ಮಗಾ, ಅಮ್ಮನ್ ಹತ್ರ ಈಗ ಹೇಳ್ಬೇಡ. ಮುಂದಿನ ತಿಂಗ್ಳ್ ಹೊಸ್ತ್ ತಂದ್ ಕೊಟ್ಟ್ ನಾನೇ ಹೇಳ್ತೆ” ಎಂದರು. ಎಂಟು ವರ್ಷದವಳಿಗೆ ಅಪ್ಪಯ್ಯನ ಗುಟ್ಟು ಎಂದರೆ ಸಣ್ಣ ಸಂಗತಿಯೇ? ಇಡೀ ದಿನ ಒಂಟಿ ರಿಬ್ಬನ್ನಿನಲ್ಲಿ ಕುಣಿದಾಡಿದೆ.

ಸಂಜೆಗೆ ಕುಣಿತ ನಿಂತಿತು. ಅಮ್ಮ ಅಡುಗೆಮನೆಯನ್ನು ತಲೆಕೆಳಗು ಮಾಡಿದಳು. ಕಿಟಕಿಯಿಂದ ಹೊರಗೆ ಬಿದ್ದಿರಬೇಕೆಂದು ಅಂಗಳಕ್ಕಿಳಿದಳು. ಅರ್ಬಾಬರ ಹೆಂಡತಿ ಮದುವೆಯ ಗಡಿಬಿಡಿಯ ನಡುವೆಯೂ ತನ್ನ ಹಿಟ್ಟಿನ ಜರಡಿ ತಂದಳು. ಇಬ್ಬರೂ ಕುಕ್ಕುರುಗಾಲಲ್ಲಿ ಕೂತು ಮೂರು ದಿನ ಅಂಗಳದ ಹೊಯ್ಗೆಯನ್ನು, ಆ ನುಣ್ಣನೆಯ ಮರಳನ್ನು, ಹಿಡಿಹಿಡಿಯಾಗಿ ಗಾಳಿಸಿದರು. ಕಳ್ಳನ ಮನಸ್ಸು ಹುಳ್ಳುಹುಳ್ಳಗೆ ಅನ್ನುತ್ತಾರಲ್ಲ, ನಾನೂ ಪಕ್ಕದಲ್ಲಿ ಕೂತು ಹುಡುಕುವ ನಾಟಕವಾಡಿದೆ. ಅಪ್ಪಯ್ಯ ಮಾತಿನಂತೆ ಮುಂದಿನ ತಿಂಗಳು ಹೊಸದೊಂದು ತಂದರು, ಮೊದಲಿನದಕ್ಕಿಂತ ಚಂದದ್ದು. ಅಮ್ಮ ಡಬ್ಬಿ ತೆರೆದು ನೋಡಿ ಮುಚ್ಚಿದಳು. “ಕಳ್ಕೊಂಡವ್ಳಿಗೆ ಎಂತಕ್ಕೆ ಹೊಸ್ತ್? ಅದ್ ಸಿಕ್ಕುವರೆಗೆ ನಾನ್ ಮೂಗಿಗೆ ಬೇರೆ ಹಾಕೂದಿಲ್ಲೆ” ಎಂದು ಅಳತೊಡಗಿದಳು. ಅಪ್ಪಯ್ಯ ನಾಳೆ ಹೇಳುತ್ತೇನೆ ಎಂದು ನನಗೆ ಕಣ್ಣಲ್ಲೇ ಹೇಳಿದರು. ಆ ನಾಳೆ ಬರಲೇ ಇಲ್ಲ. ನನಗೆ ಹತ್ತೊಂಬತ್ತಾದಾಗ, ರಜೆಗೆ ಊರಿಗೆ ಹೋಗಿದ್ದಾಗ, ಅಪ್ಪಯ್ಯ ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲ. ನೆರೆಯ ಹೆಂಗಸರು ಬಂದು ಅಮ್ಮನ ಬಳೆ ತೆಗೆದರು, ಕರಿಮಣಿ ತೆಗೆದರು. ಮೂಗಿನಿಂದ ತೆಗೆಯಲು ಏನೂ ಇರಲಿಲ್ಲ. ನಾನು ಆಗಲೂ ಬಾಯಿ ಬಿಡಲಿಲ್ಲ. ಸತ್ತ ಅಪ್ಪಯ್ಯನನ್ನು ಕಳ್ಳ ಅನ್ನಿಸಲು ನನಗೆ ಮನಸ್ಸಿರಲಿಲ್ಲ.

ಆಮೇಲೆ ನಾನು ಕ್ಲಿನಿಕ್ಕಿನ ಕೆಲಸಕ್ಕೆಂದು ಈ ದೇಶಕ್ಕೇ ಮರಳಿ ಅಮ್ಮನನ್ನೂ ಕರೆಸಿಕೊಂಡೆ. ಈಗ ಆ ಮನೆ ಮಾರಾಟಕ್ಕಿದೆ! ಮೊಹಮ್ಮದ್ ಬಿನ್ ಜಾಯೆದ್ ಸಿಟಿಯ ನಮ್ಮ ಫ್ಲ್ಯಾಟಿಗೆ ಕಾರು ಓಡಿಸಿಕೊಂಡು ಬಂದು ಅಮ್ಮನಿಗೆ ಫೋಟೊ ತೋರಿಸಿದೆ. ಮಂಡಿನೋವೆಂದು ಸೋಫಾ ಬಿಡದ ಅಮ್ಮ, ಎಪ್ಪತ್ತನಾಲ್ಕು ವರ್ಷದವಳು, ಎದ್ದು ನಿಂತಳು. “ನಡಿ, ಕಂಡ್ಕಂಡ್ ಬಪ್ಪ” ಎಂದಳು. ಆ ವಠಾರದಲ್ಲಿ ನಮ್ಮಂಥ ಹೊರದೇಶದವರು ಮನೆ ಕೊಳ್ಳುವ ಹಾಗೆಯೇ ಇಲ್ಲ. ಹಾಗಾಗಿ ನಮ್ಮ ಕ್ಲಿನಿಕ್ಕಿನ ಡೈರೆಕ್ಟರರ ಪರವಾಗಿ ನೋಡಲು ಬರುತ್ತೇವೆ ಎಂದು ಏಜೆಂಟ್ ನವೀದ್‌ಗೆ ಇಂಗ್ಲಿಷಿನಲ್ಲಿ ಸುಳ್ಳು ಹೇಳಿದೆ. ಶ್ರೀಮಂತರಂತೆ ಕಾಣಲೆಂದು ಅಮ್ಮ ರೇಷ್ಮೆ ಸೀರೆ ಉಟ್ಟಳು. ಕಾರಿನಿಂದ ಇಳಿಯುವಾಗ, “ಅಮ್ಮ, ನೀನು ಬಾಯಿ ಬಿಡಬೇಡ, ಎಲ್ಲ ನಾನು ಮಾತಾಡ್ತೇನೆ” ಎಂದು ಎರಡೆರಡು ಸಲ ಹೇಳಿದೆ. ನವೀದ್ ನಗುತ್ತ ಗೇಟು ತೆಗೆದ. ಕೊಳ್ಳುವವರು ಹೇಗೂ ಕೆಡವುತ್ತಾರೆ, ಜಾಗಕ್ಕೇ ಬೆಲೆ, ಇರುವುದರಲ್ಲಿ ನೋಡುವಂಥದ್ದೆಂದರೆ ಬಾಗಿಲು ಎಂದ. ಅಮ್ಮನಿಗೆ ತಡೆಯಲಾಗಲಿಲ್ಲ. “ಆ ಬಾಗ್ಲ್ ನಮ್ಮನೆಯವ್ರ್ ಮಾಡದ್ದ್!” ಎಂದುಬಿಟ್ಟಳು. ನವೀದ್ ಎದೆ ಮೇಲೆ ಕೈಯಿಟ್ಟು ಕನ್ನಡದಲ್ಲೇ, “ಹೌದಾ ಆಂಟಿ? ನಮ್ದು ಬೈಂದೂರು. ನೀವು ಕಾರಿಂದ ಇಳಿಯುವಾಗಲೇ ನನಗೆ ಎಲ್ಲ ಗೊತ್ತಾಯ್ತು” ಎಂದ. ನನ್ನ ಮುಖ ನೀವು ನೋಡಬೇಕಿತ್ತು.

ಅಮ್ಮ ಬಾಗಿಲನ್ನು ಮೇಲಿನಿಂದ ಕೆಳಗಿನವರೆಗೆ ಸವರಿದಳು. ಹಿಂಗಾರದ ಎಸಳುಗಳಲ್ಲಿ ಧೂಳು ಕೂತಿತ್ತು, ಸೆರಗಿನಿಂದ ಒರೆಸಿದಳು. ಆಮೇಲೆ ಮೆಲ್ಲಗೆ ಹೊಸ್ತಿಲ ಮೇಲೆಯೇ ಕೂತು ಅಂಗಳ ನೋಡುತ್ತ, ನಲವತ್ತು ವರ್ಷದಲ್ಲಿ ಒಮ್ಮೆಯೂ ಆಡದ ಮಾತು ಆಡಿದಳು. “ಇಲ್ಲೇ ಎಲ್ಲೋ ಹೋದ್ದ್ ಅದ್. ಮೂಗುಬೊಟ್ಟ್ ಕಳ್ಕೊಂಡ್ರೆ ಗಂಡನಿಗೆ ಆಯಸ್ಸಿಲ್ಲೆ ಅಂಬ್ರ್. ನಿನ್ನಪ್ಪಯ್ಯನ್ನ ನಾನೇ ತಿಂದದ್ದ್ ಕಾಣ್.”

ನಾನು ಅಪ್ಪಯ್ಯನ ಮಾನ ಕಾಯುತ್ತಿದ್ದೇನೆ ಎಂದುಕೊಂಡಿದ್ದೆ. ಈ ಕಡೆ ಅಮ್ಮ ಇಷ್ಟು ವರ್ಷ ಗಂಡನ ಸಾವನ್ನೇ ಹೊತ್ತು ತಿರುಗುತ್ತಿದ್ದಳು! ಅವಳ ಮುಂದೆ ಕೂತು, ಅವಳು ಕೂತ ಹೊಸ್ತಿಲನ್ನು ತಟ್ಟಿ, “ಅಮ್ಮ, ಅದು ಕಳೆಯಲಿಲ್ಲ, ನೀನು ಅದರ ಮೇಲೆಯೇ ಕೂತಿದ್ದೀ” ಎಂದೆ. ರಿಬ್ಬನ್, ಸಿಮೆಂಟು, ಅಪ್ಪಯ್ಯನ ನಾಳೆ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಅಮ್ಮ ನನ್ನನ್ನೇ ದಿಟ್ಟಿಸಿದಳು. ಆಮೇಲೆ ಹೊಸ್ತಿಲಿಗೆ ಫಟ್ಟೆಂದು ಒಂದು ಪೆಟ್ಟು ಕೊಟ್ಟಳು. “ಕಳ್ಳ ಆಚಾರಿ! ಮೂರ್ ದಿನ ಹೊಯ್ಗೆ ಗಾಳ್ಸಿದೆ ನಾನ್! ಅವ್ರ್ ಅಲ್ಲೇ ಕೂತ್ ಬೀಡಿ ಎಳಿತಿದ್ರ್!” ಎಂದು ನಕ್ಕಳು. ನಗುತ್ತ ನಗುತ್ತ ಅತ್ತಳು. ನವೀದ್ ಮುಖ ತಿರುಗಿಸಿ ಕನ್ನಡಕ ಒರೆಸಿಕೊಂಡ. ಅಲ್ಲಿಂದಲೇ ಮನೆಯ ಈಗಿನ ಒಡತಿ ಫಾತಿಮಾಗೆ ಫೋನು ಮಾಡಿ ಎಲ್ಲ ಹೇಳಿದ. ಆಕೆ, “ಉಮ್ ಸುಮಾ! ನಮ್ಮ ಅಮ್ಮನ ಜರಡಿ!” ಎಂದು ಕೂಗಿದ್ದು ನಮಗೂ ಕೇಳಿತು. ಈಗಲೇ ಹೊಸ್ತಿಲು ಒಡೆಸಿ ಎಂದಳು. ಅಮ್ಮ ಒಪ್ಪಲಿಲ್ಲ. ನಿಂತ ಮನೆಯ ಹೊಸ್ತಿಲು ಎಬ್ಬಿಸಬಾರದು, ಅದು ಇರುವಷ್ಟು ದಿನ ಇರಲಿ ಎಂದಳು.

ಎರಡು ತಿಂಗಳಾದ ಮೇಲೆ ಮನೆ ಮಾರಿಹೋಯಿತು. ಕೆಡವುವ ದಿನ ನಾವು ಎಂಟಕ್ಕೇ ಅಲ್ಲಿದ್ದೆವು. ಫಾತಿಮಾ ಫ್ಲಾಸ್ಕಿನಲ್ಲಿ ಗಾವಾ ಎಂಬ ಅರಬ್ಬಿ ಕಾಫಿ ತಂದಿದ್ದಳು. ಅವಳಿಗೂ ಕೂದಲು ಬೆಳ್ಳಗಾಗಿದೆ. ಪಡಿಗಳನ್ನು, ದಾರಂದವನ್ನು ಜೋಪಾನವಾಗಿ ಕಳಚಿದ ಮೇಲೆ ಪಠಾಣ ಮೇಸ್ತ್ರಿ ಹೊಸ್ತಿಲ ಕೆಳಗೆ ಹಾರೆ ಹಾಕಿದ. ಒಂದು ಏಟು, ಎರಡು, ಮೂರು. ಏನೂ ಇಲ್ಲ! ಅಪ್ಪಯ್ಯ ಆಮೇಲೆ ತೆಗೆದಿದ್ದರೆ? ನಾನೇ ಜಾಗ ಮರೆತಿದ್ದರೆ? ನಾಲ್ಕನೆಯ ಏಟಿಗೆ ಸಿಮೆಂಟಿನ ಹೆಂಟೆಯೊಂದು ಎರಡಾಯಿತು. ಒಳಗೆ ಕೆಂಪು ನೂಲಿನ ನಾಲ್ಕು ಎಳೆ, ಅದರ ನಡುವೆ ಏಳು ಕಲ್ಲು. ಫಾತಿಮಾ ಸಿಳ್ಳಿನಂತೆ ನಾಲಿಗೆ ಕುಣಿಸಿ ಅವರ ಮದುವೆಮನೆಯ ಕೂಗು ಹಾಕಿದಳು. ಮೇಸ್ತ್ರಿಯೂ ನಕ್ಕ.

ಅಮ್ಮ ಗಾವಾದ ಪುಟ್ಟ ಲೋಟದಲ್ಲಿ ನೀರು ಹಾಕಿ ಅದನ್ನು ತೊಳೆದಳು. ಮನೆಯಲ್ಲಿ ಜೋಪಾನವಾಗಿಡೋಣ ಎಂದೆ. “ಇಡೂದ್ ಎಂತಕ್ಕೆ? ಅವ್ರ್ ಹೋದಾಗ ಎಲ್ಲಾ ತೆಗ್ದ್ರ್, ಇದನ್ನ ಯಾರೂ ತೆಗಿಲಿಲ್ಲೆ. ತೆಗಿಯದ್ದನ್ನ ಹಾಕಂಡ್ರೆ ಎಂತ ತಪ್ಪ್?” ಎಂದಳು. ಮೂಗಿನ ತೂತು ಯಾವತ್ತೋ ಮುಚ್ಚಿಹೋಗಿತ್ತು. ಧೂಳುಮೈಯಲ್ಲೇ ನಾವು ಮೂವರೂ ಚಿನ್ನದಂಗಡಿಗೆ ಹೋದೆವು. ಅಂಗಡಿಯವನು, “ಈ ವಯಸ್ಸಿನಲ್ಲಿ ನೋವಾಗುತ್ತದೆ, ಮಾ ಜೀ” ಎಂದು ಹಿಂದೆ ಮುಂದೆ ನೋಡಿದ. “ಯಲ್ಲಾ, ಯಲ್ಲಾ, ಇವತ್ತೇ” ಎಂದು ಅಮ್ಮ ಥೇಟ್ ಅರ್ಬಾಬರ ಹಾಗೆ ಚಪ್ಪಾಳೆ ತಟ್ಟಿದಳು.

ಆ ದಾರಿಯಲ್ಲಿ ಹೋದರೆ ಈಗ ತಗಡಿನ ಬೇಲಿ, ಒಳಗೆ ಬರೀ ಹೊಯ್ಗೆ. ಕಮಾನು ಇಲ್ಲ, ಸಿದ್ರ್ ಮರ ಇಲ್ಲ, ನೀರ್ ದೋಸೆಯೂ ರೆಗಾಗೂ ಆಚೀಚೆ ಓಡಾಡಿದ ಜಗಲಿ ಇಲ್ಲ. ಬಾಗಿಲು ಮಾತ್ರ ಅಲ್ ಐನ್‌ನಲ್ಲಿ ಫಾತಿಮಾ ಕಟ್ಟಿಸುತ್ತಿರುವ ಮನೆಗೆ ಹೋಯಿತು. ಕಳೆದ ವಾರ ಅಲ್ಲಿ ದಾರಂದ ನಿಲ್ಲಿಸಿದರು. ಕೆಳಗೆ ಏನಿಡಬೇಕೆಂದು ಫಾತಿಮಾ ಫೋನಿನಲ್ಲಿ ಅಮ್ಮನನ್ನು ಕೇಳಿದ್ದಳು. ಅಮ್ಮ ಟ್ರಂಕಿನ ತಳದಿಂದ ಆ ಡಬ್ಬಿ ತೆಗೆದುಕೊಂಡು ಹೋದಳು. ಅಪ್ಪಯ್ಯ ದುಬೈಯಿಂದ ತಂದದ್ದು, ಅವಳು ಒಂದು ದಿನವೂ ಹಾಕದೆ ಇಟ್ಟದ್ದು. ಫಾತಿಮಾಳ ಮೊಮ್ಮಗಳ ಕೈಯಲ್ಲಿ ಅದನ್ನು ಕುಳಿಯಲ್ಲಿ ಇಡಿಸಿದಳು. ಆಮೇಲೆ ಮೂಗಿನ ಏಳು ಕಲ್ಲು ಹೊಳೆಯುವಂತೆ ಮುಖ ಎತ್ತಿ, ಮೇಸ್ತ್ರಿಯಿಂದ ಹಿಡಿದು ಡ್ರೈವರನವರೆಗೆ ಅಲ್ಲಿದ್ದ ಒಬ್ಬೊಬ್ಬರನ್ನೂ ಕರೆದು ಹೇಳಿದಳು: “ಎಲ್ಲರೂ ಕಂಡ್ಕಣಿ. ಇಲ್ಲಿ ಇಟ್ಟಿದ್ದ್. ಇನ್ನ್ ಯಾರೂ ಹುಡ್ಕೂದ್ ಬೇಡ.”