ಮೊದಲ ಹಾಳೆಯ ಹೆಸರು

ಮೊಮ್ಮಗಳು ಡಾಕ್ಟರೇಟಿಗೆ ಪುಸ್ತಕ ಬರೆದು ಮುಗಿಸಿ ಮಧುಗಿರಿಗೆ ಬಂದಳು. ನಾನು ಓದಿದ್ದು ಬರೀ ಮೂರನೇ ಕ್ಲಾಸು. ಸಂತೋಷ ತಡೆಯಲಾಗದೆ ಶಿರಾದ ಕಡಲೇಕಾಯಿ ಮಂಡಿಯವರೆಗೂ ಹೋಗಿ ಹೇಳಿಕೊಂಡು ಬಂದೆ. ಏನು ಓದಿದ್ದಾಳೆ ಎಂದು ಕೇಳಿದವರಿಗೆ ಮಾತ್ರ ಉತ್ತರ ಕೊಡಲು ಬರಲಿಲ್ಲ.

ಅವಳೇ ಕೂರಿಸಿಕೊಂಡು ಹೇಳಿದಳು. ದೂರದ ಕೆಲವು ಗೆಲಾಕ್ಸಿಗಳ ನಟ್ಟನಡುವೆ ವಿಪರೀತ ಬೆಳಕಿದೆಯಂತೆ. ಸುತ್ತ ದೂಳಿನ ದಪ್ಪ ಬಳೆ. ಪಕ್ಕದಿಂದ ನೋಡುವ ನಮಗೆ ಆ ನಡು ಕಾಣದು. ಆದರೆ ಮೇಲಕ್ಕೆ ತಪ್ಪಿಸಿಕೊಂಡ ಬೆಳಕು ಅಲ್ಲಿನ ಮೋಡಕ್ಕೆ ತಾಗಿ ನಮ್ಮ ಕಡೆ ತಿರುಗುತ್ತದೆ. ಹಾಗೆ ತಿರುಗಿದ ಬೆಳಕು ಹೆಚ್ಚಾಗಿ ಒಂದೇ ದಿಕ್ಕಿನಲ್ಲಿ ಕಂಪಿಸುತ್ತದೆ. ಆ ಗುರುತು ಹಿಡಿದು ಒಳಗಿರುವುದನ್ನು ಓದುತ್ತಾರೆ. ಇವಳು ಹಿಡಿದದ್ದು ಕಣ್ಣಿಗೆ ಕಾಣದ ನೇರಳಾತೀತ ಬೆಳಕು. ಗಾಳಿ ಅದನ್ನು ಕೆಳಗೆ ಬಿಡುವುದಿಲ್ಲವಂತೆ, ದೂರದರ್ಶಕವೇ ಆಕಾಶಕ್ಕೆ ಹೋಗಬೇಕು.

"ಮೊದಲ್ನೇ ಹಾಳೇಲಿ ಅರ್ಪಣೆ ಅಂತ ನಿನ್ ಹೆಸ್ರು ಹಾಕ್ತೀನಿ ತಾತ. ಓದ್ಸಿದ್ದು ನೀನಲ್ವಾ" ಎಂದಳು. ನಾನು ಉಬ್ಬಿಹೋದೆ. ನಮ್ಮ ವಂಶದಲ್ಲಿ ಇಂಥ ತಲೆ ಯಾರಿಗೂ ಇರಲಿಲ್ಲ ಎಂದೆ.

ಕಡಲೇಕಾಯಿ ಸುಲಿಯುತ್ತಿದ್ದ ನನ್ನ ಮಗಳು, ಅವಳ ತಾಯಿ, ತಲೆ ಎತ್ತದೆ ಕೇಳಿದಳು: "ಹಗೇವಿಗೆ ದೀಪ ಇಳ್ಸಿದ್ದು ಮರ್ತೋಯ್ತಾ ಅಪ್ಪ?"

ಮರೆತಿರಲಿಲ್ಲ. ಕತ್ತಲ ನಡುಮನೆಯಲ್ಲಿ ನೆಲದಡಿಯ ರಾಗಿ ಹಗೇವು ತೆರೆದಾಗ, ಒಳಗೆ ಕೆಟ್ಟ ಗಾಳಿ ಇದೆಯೇ ಎಂದು ನೋಡಲು ಮೊದಲು ದೀಪ ಇಳಿಸುತ್ತಿದ್ದೆವು. ಆರಿದರೆ ಯಾರೂ ಇಳಿಯುವಂತಿಲ್ಲ. ಮಕ್ಕಳನ್ನು ಹತ್ತಿರಕ್ಕೂ ಬಿಡುತ್ತಿರಲಿಲ್ಲ. ಒಂದು ಸಲ ದೂರದ ಗೋಡೆಗೆ ಒರಗಿದ್ದ ಈ ಮಗಳು, ದೀಪ ಉರಿಯುತ್ತಲೇ ಇದೆ, ಮೇಲೆದ್ದ ದೂಳು ಹೊಳೆಯುತ್ತಿದೆ ನೋಡು ಎಂದಿದ್ದಳು. ಕಾಣದ ದೀಪದ ಬಗ್ಗೆ ದೂಳು ಇನ್ನೂ ಏನೇನು ಹೇಳುತ್ತದೆ ಅಂತ ನಾಳೆ ಮೇಷ್ಟ್ರನ್ನು ಕೇಳುತ್ತೇನೆ ಎಂದಳು. ಕೇಳಲಿಲ್ಲ. ಏಳನೇ ಕ್ಲಾಸಿಗೇ ಶಾಲೆ ಬಿಡಿಸಿ, ಮಾರನೇ ದಿನದಿಂದ ಕಳೆ ಕೀಳಲು ಕಳಿಸಿದ್ದೆ. ಅವಳ ತಮ್ಮಂದಿರು ಶಾಲೆಗೆ ಹೋದರು.

ಏನದು ಎಂದು ಕೇಳಿದ ಮೊಮ್ಮಗಳಿಗೆ ಎಲ್ಲ ಹೇಳಿದೆ. ನನ್ನ ಹೆಸರು ಬೇಡ, ನಿಮ್ಮವ್ವನದು ಹಾಕು ಎಂದೆ.

"ತಾತಂದೇ ಇರ್ಲಿ ಬುಡು" ಎಂದಳು ಮಗಳು. "ಶಿರಾಗಂಟ ಹೇಳ್ಕೊಂಡ್ ಬಂದವ್ರೆ. ಈಗ ನನ್ ಹೆಸ್ರು ಹಾಕಿ ನಂಗೇನಾಗ್ಬೇಕು?"

ಪುಸ್ತಕ ಬಂದಿದೆ. ಮೊದಲ ಹಾಳೆಯಲ್ಲಿ ಮಗಳ ಹೆಸರೊಂದೇ ಇದೆ. ನನಗೆ ಕುಣಿಯುವಷ್ಟು ಸಂತೋಷ. ಮನೆಗೆ ಬಂದವರನ್ನೆಲ್ಲ ಕೂರಿಸಿ ತೋರಿಸುತ್ತೇನೆ. ಮಗಳು ಮಾತ್ರ ಇನ್ನೂ ಆ ಹಾಳೆ ತೆಗೆದು ನೋಡಿಲ್ಲ. ನೋಡು ಎಂದು ಹೇಳುವ ಮುಖ ನನಗಿಲ್ಲ.