ಕೌದಿ ಕಾಕು ಹಾಕಿದ ಹೊಲಿಗೆ

ಮೊನ್ನೆ ಮೆಣಸಿನಕಾಯಿ ಚೀಲದ ಮೇಲೆ ಹೊದಿಸಿದ್ದ ಹಳೇ ಕೌದಿಯನ್ನು ಅಂಗಳಕ್ಕೆ ತಂದು ಕೊಡವಿದೆ. ಘಾಟು ಮೂಗಿಗೆ ಏರಿ ಸೀನಿ ಸೀನಿ ಸಾಕಾಯಿತು, ಕಣ್ಣಲ್ಲಿ ನೀರು ಬಂತು. ಮೊದಲು ಬಂದದ್ದು ಘಾಟಿಗೆ. ಆಮೇಲೆ ಬಂದದ್ದಕ್ಕೆ... ಪಾಪ, ಮೆಣಸಿನಕಾಯಿಯನ್ನು ದೂರುವಂತಿಲ್ಲ. ಕೌದಿಯ ನಟ್ಟನಡುವೆ ಅಂಗೈ ಅಗಲದ ಒಂದು ಹಸಿರು ಖಣದ ತುಂಡಿದೆ. ಅದು ನನ್ನ ಜಂಪರಿನದು. ಅಲ್ಲಿ ಇರಬೇಕಾದದ್ದು ಅದಲ್ಲ.

ಏಳೆಂಟು ವರ್ಷದ ಹಿಂದಿನ ಮಾತು. ಸಂಶಿಯ ನಮ್ಮ ಓಣಿಯಲ್ಲಿ ಎದುರು ಮನೆಗೆ ಒಬ್ಬ ರೈಲ್ವೆ ನೌಕರ ಹೆಂಡತಿಯ ಜೊತೆ ಬಾಡಿಗೆಗೆ ಬಂದಿದ್ದ. ಗುಡಗೇರಿ ಕಡೆ ಹಳಿ ನೋಡಿಕೊಳ್ಳುವ ಕೆಲಸ ಅವನದು. ಅವನ ಹೆಂಡತಿಯನ್ನು ನಾನು ವೈನಿ ಎನ್ನುತ್ತಿದ್ದೆ. ಆಕೆ ಹೆಚ್ಚು ಮಾತಿನವಳಲ್ಲ. ಮಧ್ಯಾಹ್ನವಾದರೆ ಕಟ್ಟೆಯ ಮೇಲೆ ಹಳೇ ಸೀರೆ ಹಾಸಿಕೊಂಡು ಕೌದಿ ಹೊಲಿಯುತ್ತಾ ಕೂಡುತ್ತಿದ್ದಳು. ಮಕ್ಕಳಿಲ್ಲ ಎಂದು ಓಣಿಯವರೆಲ್ಲ ತಿಳಿದಿದ್ದೆವು. ಕೇಳುವ ಗೋಜಿಗೆ ಯಾರೂ ಹೋಗಿರಲಿಲ್ಲ.

ಆ ವರ್ಷ ಬೇಸಿಗೆ ಸೂಟಿ ಬಿದ್ದು ವಾರವಾಗುವಷ್ಟರಲ್ಲಿ ಹುಡುಗರೆಲ್ಲ ಮೊಬೈಲ್ ಹಿಡಿದು ಮೂಲೆ ಸೇರಿದ್ದರು. ಹುಬ್ಬಳ್ಳಿಯ ಶಿಬಿರಕ್ಕೆ ಕಳಿಸೋಣ ಎಂದರೆ ದಿನಾ ಬಸ್ಸು ಹತ್ತಿಸುವವರಾರು? ಐದು ಮನೆಯವರು ಸೇರಿ ನಾವೇ ಒಂದು ಶಿಬಿರ ಮಾಡೋಣ ಎಂದು ಎದ್ದು ನಿಂತವಳು ನಾನೇ. ನಮ್ಮ ಪಡಸಾಲೆ ದೊಡ್ಡದು. ಹದಿನೈದು ದಿನ, ಹತ್ತಕ್ಕೆ ಶುರು, ಒಂದು ಗಂಟೆಗೆ ಊಟ, ಯಾರಿಗೆ ಏನು ಬರುತ್ತದೋ ಅದನ್ನು ಅವರು ಕಲಿಸುವುದು. ಒಬ್ಬಾಕೆ ವಚನ ಹಾಡಿಸುತ್ತಿದ್ದಳು, ಇನ್ನೊಬ್ಬಾಕೆ ರಂಗೋಲಿ. ನನ್ನದು ಇಂಗ್ಲಿಷು, ಅದೂ ನನಗೆ ಬರುವಷ್ಟು. ಸೂಟಿಯಲ್ಲೂ ಇಂಗ್ಲಿಷಾ ಎಂದು ಹುಡುಗರು ಮುಖ ಗಂಟಿಕ್ಕಿಕೊಂಡೇ ಕೂಡುತ್ತಿದ್ದರು.

ವೈನಿ ನಲ್ಲಿಯ ಹತ್ತಿರ ನನ್ನನ್ನು ನಿಲ್ಲಿಸಿ ಕೇಳಿದಳು. ‘ಅಕ್ಕಾರ, ನನಗೂ ಒಂದ್ ನಾಲ್ಕ ದಿನ ಕೊಡ್ರಿ. ಹುಡುಗೂರಿಗೆ ಕೌದಿ ಹೊಲಿಯೂದು ಕಲಸ್ತೇನಿ.’

ಕಿರಾಣಿ ಅಂಗಡಿಯ ಅಕ್ಕ, ಐದು ಮನೆಗಳಲ್ಲಿ ಆಕೆಯದೂ ಒಂದು, ಆಮೇಲೆ ನನ್ನ ಕಿವಿಯಲ್ಲಿ ‘ಪಾಲಕರ ಶಿಬಿರದಾಗ ಹುಡುಗೂರಿಲ್ಲದಾಕಿದು ಏನ್ ಕೆಲಸರಿ?’ ಎಂದಳು. ಬರಲಿ ಬಿಡ್ರಿ, ಕೈಕೆಲಸ ಚಲೋ ಐತಿ ಎಂದು ನಾನೇ ಒಪ್ಪಿಸಿದೆ. ಹಾಗೆ ಒಪ್ಪಿಸಿದ್ದಕ್ಕೆ ಎರಡು ದಿನ ನನ್ನ ಬಗ್ಗೆ ನನಗೇ ಭಾರಿ ಅಭಿಮಾನ. ನಾನು ಅಂಥ ಒಳ್ಳೆಯವಳೇನಲ್ಲ, ಆದರೆ ಒಳ್ಳೆಯವಳು ಅನ್ನಿಸಿಕೊಳ್ಳುವ ಚಟ ಮಾತ್ರ ಅಗದಿ ಜೋರು.

ಗೋಡೆಗೆ ಒಂದು ಚಾರ್ಟು ಅಂಟಿಸಿದ್ದೆವು. ಕಲಿಸುವವರ ಹೆಸರಿನ ಬದಲು ಇಂಥವರ ಅವ್ವ, ಇಂಥವರ ಅವ್ವ ಎಂದು ಬರೆಯುವುದು ಹುಡುಗರದೇ ಯೋಚನೆ. ನನ್ನ ಮಗಳು ಸ್ಕೆಚ್ ಪೆನ್ನು ಹಿಡಿದು ವೈನಿಯನ್ನು ಕೇಳಿದಳು: ‘ನಿಮ್ಮನ್ನ ಯಾರ ಅವ್ವ ಅಂತ ಬರೀಲ್ರಿ?’ ವೈನಿ ಚಾರ್ಟನ್ನೇ ನೋಡುತ್ತಾ ನಿಂತಳು. ಕಡೆಗೆ ‘ಕೌದಿ ಕಾಕು ಅಂತ ಬರಿಯವಾ’ ಎಂದಳು. ಅಲ್ಲಿಂದ ಓಣಿಯ ಹುಡುಗರಿಗೆಲ್ಲ ಆಕೆ ಕೌದಿ ಕಾಕು, ಕೌದಿ ಹೊಲಿಯುವ ಚಿಕ್ಕಮ್ಮ.

ಆಕೆಯ ಸರದಿ ಬಂದಾಗ ಹುಡುಗರು ನನ್ನ ಇಂಗ್ಲಿಷನ್ನು ಮರೆತೇ ಬಿಟ್ಟರು. ಮನೆಯಿಂದ ಒಂದೊಂದು ಹಳೇ ಅರಿವಿ ತರಬೇಕು, ಅದು ಯಾರದು ಎಂದು ಹೇಳಬೇಕು, ಆಮೇಲೆ ಅದರ ತುಂಡು ಕೌದಿಗೆ. ಅಪ್ಪನ ಲುಂಗಿ, ಅಜ್ಜಿಯ ಸೀರೆ, ಅಣ್ಣನ ಶಾಲೆಯ ಅಂಗಿ ಎಲ್ಲ ಬಂದವು. ಹೊಲಿಗೆ ಸೊಟ್ಟ ಬಿದ್ದರೆ ಬಯ್ಯುತ್ತಿರಲಿಲ್ಲ, ಹುಡುಗರ ಕೈ ಮೇಲೆ ಕೈ ಇಟ್ಟು ಸೂಜಿ ನಡೆಸುತ್ತಿದ್ದಳು. ಆಕೆ ಬಾಯ್ತುಂಬ ನಗುವುದನ್ನು ನಾನು ನೋಡಿದ್ದು ಆ ಮೂರು ದಿನ ಮಾತ್ರ.

ಮೂರನೆಯ ದಿನ ನಡುವಿನ ಒಂದು ಜಾಗ ಖಾಲಿ ಉಳಿದಿತ್ತು. ವೈನಿ ಸೀರೆಯ ಸೆರಗಿನ ಮರೆಯಿಂದ ಒಂದು ಸಣ್ಣ ಫ್ರಾಕ್ ತೆಗೆದಳು. ಹಳದಿ ಬಣ್ಣ, ಮೇಲೆ ಕೆಂಪು ಸಣ್ಣ ಹೂವು. ಇಲಿ ಕಡಿದು, ಮುಟ್ಟಿದರೆ ಪುಡಿಯಾಗಿ ಉದುರುವಷ್ಟು ಜಾಳಾಗಿತ್ತು, ಎದೆಯ ಹತ್ತಿರದ ಒಂದು ಭಾಗ ಮಾತ್ರ ಗಟ್ಟಿ ಇತ್ತು. ಅದನ್ನು ಕತ್ತರಿಸಿ ಆ ಜಾಗದಲ್ಲಿಟ್ಟು, ‘ಇದು ನನ್ನ ಮಗಳದು’ ಎಂದಳು.

‘ಅಕಿ ಎಲ್ಲಿದಾಳ್ರಿ ಕಾಕು?’

‘ಈಗ ಇಲ್ಲವಾ. ಐದು ವರ್ಷದಾಕಿ ಇದ್ಲು, ಜ್ವರ ಬಂದು ಹೋದ್ಲು. ಅಕಿ ಅರಿವಿ ಎಲ್ಲಾ ಹಿರ್ಯಾರು ಕೊಟ್ಟ ಬಿಟ್ರು. ಇದೊಂದು ಮುಚ್ಚಿ ಇಟ್ಟಿದ್ದೆ.’

ಹುಡುಗರು ತಲೆ ಅಲ್ಲಾಡಿಸಿ ಮತ್ತೆ ಸೂಜಿ ಹಿಡಿದರು. ಅವರಿಗೆ ಅದೂ ಒಂದು ಅರಿವಿ, ಅಷ್ಟೇ. ನಾನು ಬಾಗಿಲಲ್ಲಿ ನಿಂತಿದ್ದೆ. ಆಕೆ ಆ ತುಂಡಿಗೆ ಹಾಕಿದ ಹೊಲಿಗೆ ಎಳ್ಳಿನಷ್ಟು ಸಣ್ಣವು, ಒಂದರ ಹಿಂದೆ ಒಂದು...

ಸಂಜೆ ಹುಡುಗರ ಬಾಯಿಂದ ಸುದ್ದಿ ಮನೆಮನೆಗೆ ಹೋಯಿತು. ದೀಪ ಹಚ್ಚುವ ಹೊತ್ತಿಗೆ ಕಿರಾಣಿ ಅಕ್ಕ ಇನ್ನಿಬ್ಬರನ್ನು ಕರೆದುಕೊಂಡು ಬಂದಳು. ‘ಸತ್ತ ಕೂಸಿನ ಅರಿವಿ ಮ್ಯಾಲ ನಮ್ಮ ಹುಡುಗೂರ್ನ ಕುಂಡ್ರಸೂದೇನ್ರಿ? ಅದನ್ನ ತಗೀರಿ, ಇಲ್ಲಂದ್ರ ನಾಳಿಂದ ನಮ್ಮವ್ರನ್ನ ಕಳಸೂದಿಲ್ಲ ನೋಡ್ರಿ.’ ಆಕೆ ಕೆಟ್ಟವಳಲ್ಲ. ಆಕೆಯ ಸಣ್ಣ ಮಗನಿಗೆ ಮೇಲಿಂದ ಮೇಲೆ ಜ್ವರ ಬರುತ್ತಿತ್ತು, ಹೆದರಿದ್ದಳು. ನನಗೆ ಹೆದರಿಕೆಯೂ ಇರಲಿಲ್ಲ. ಶಿಬಿರ ನಡುವೆ ಮುರಿದರೆ ಓಣಿಯಲ್ಲಿ ನನ್ನ ಮುಖ ಏನಾಗಬೇಕು ಎಂಬುದೊಂದೇ ಇತ್ತು. ತಗದ ಬಿಡ್ತೇನಿ ಎಂದೆ. ಎದುರು ಮನೆಗೆ ಹೋಗಿ ವೈನಿಗೆ ಒಂದು ಮಾತು ಹೇಳಬಹುದಿತ್ತು. ಹತ್ತು ಹೆಜ್ಜೆ ದೂರ.

ಮರುದಿನ ಬೆಳಿಗ್ಗೆ ಹುಡುಗರು ಬರುವ ಮೊದಲು ಬ್ಲೇಡು ಹಿಡಿದು ಕುಳಿತೆ. ಆ ಸಣ್ಣ ಹೊಲಿಗೆ ಬಿಚ್ಚಲು ಒಂದು ತಾಸು ಬೇಕಾಯಿತು. ನನ್ನ ಮಗಳು ಹಲ್ಲುಜ್ಜುತ್ತಾ ಬಂದು, ‘ಅವ್ವಾ, ಅದು ಕಾಕುನ ಮಗಳದು’ ಎಂದಳು. ಸುಮ್ಮನ ಹೋಗು ಎಂದೆ. ಹಳದಿ ತುಂಡನ್ನು ಸೂಜಿದಾರದ ಡಬ್ಬಿಯಲ್ಲಿ ಹಾಕಿ, ಆ ಜಾಗಕ್ಕೆ ನನ್ನ ಹಳೇ ಜಂಪರಿನ ತುಂಡನ್ನು ಅವಸರದಲ್ಲಿ ಹಚ್ಚಿದೆ.

ವೈನಿ ಹತ್ತಕ್ಕೆ ಬಂದಳು. ಕೌದಿ ಬಿಚ್ಚಿದಳು. ನೋಡಿದಳು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಬೇಕಾದ ಮಾತುಗಳನ್ನೆಲ್ಲ ಜೋಡಿಸಿಕೊಂಡಿದ್ದೆ. ಜಗಳಾಡಲಿ, ಅಳಲಿ ಎಂದು ಕಾಯುತ್ತಿದ್ದೆ. ಆಕೆ ನನ್ನ ತುಂಡಿನ ಅಂಚಿನ ಮೇಲೆ ಬೆರಳಾಡಿಸಿ, ‘ಅಕ್ಕಾರ, ಹೊಲಿಗಿ ದೊಡ್ಡವು ಬಿದ್ದಾವ್ರಿ. ಒಗದ್ರ ಬಿಚ್ಚತಾವು’ ಎಂದಳು. ಹುಡುಗರ ಕಡೆ ತಿರುಗಿ, ‘ಬರ್ರಿ, ಇದನ್ನ ಗಟ್ಟಿ ಮಾಡೂಣು’ ಎಂದು ಕೌದಿಯನ್ನು ತೊಡೆಯ ಮೇಲೆ ಎಳೆದುಕೊಂಡಳು. ಮಗಳ ಜಾಗದಲ್ಲಿ ಕೂತಿದ್ದ ನನ್ನ ಜಂಪರಿಗೆ ಆಕೆ ಸುತ್ತಲೂ ಎರಡೆರಡು ಸಾಲು ಹೊಲಿಗೆ ಹಾಕಿದಳು. ಎಳ್ಳಿನಷ್ಟೇ ಸಣ್ಣವು. ಒಂದೂ ಸೊಟ್ಟ ಬೀಳಲಿಲ್ಲ.

ಕಡೆಯ ದಿನ ಸಿರಾ ಮಾಡಿ ಎಲ್ಲರನ್ನೂ ಕರೆದೆವು. ಬಂದವರೆಲ್ಲ ಕೌದಿಯನ್ನು ಹೊಗಳಿದರು, ನನ್ನನ್ನೂ ಹೊಗಳಿದರು. ವೈನಿ ಬರಲಿಲ್ಲ. ಎದುರು ಬಾಗಿಲು ಮುಚ್ಚಿತ್ತು. ಸಿರಾ ಡಬ್ಬಿಗೆ ಹಾಕಿ ಮಗಳ ಕೈಲಿ ಕಳಿಸಿ ಕೈ ತೊಳೆದುಕೊಂಡೆ. ಆಮೇಲೆ ಎದುರುಬದುರು ಕಂಡರೆ ಆಕೆ ನಗುತ್ತಿದ್ದಳು, ನಾನೇ ಬಗ್ಗಿ ರಂಗೋಲಿ ನೋಡುತ್ತಿದ್ದೆ. ಕಟ್ಟೆಯ ಮೇಲೆ ಆಕೆ ಹೊಲಿಯುತ್ತಾ ಕೂಡುವುದು ನಿಂತಿತು.

ದಸರೆಯ ನಂತರ ಆಕೆಯ ಗಂಡನಿಗೆ ವರ್ಗವಾಯಿತು. ಹೊರಡುವ ದಿನ ವೈನಿ ನಮ್ಮ ಹೊಸ್ತಿಲ ಹತ್ತಿರ ಬಂದು ನಿಂತಳು.

‘ಅಕ್ಕಾರ, ಆ ಹಳದಿ ತುಂಡು ಇತ್ತಂದ್ರ ಕೊಡ್ರಿ. ಬ್ಯಾರೆ ಏನೂ ಉಳದಿಲ್ಲ ನನ್ನ ಹಂತೇಕ.’

ಒಳಗೆ ಓಡಿದೆ. ಡಬ್ಬಿಯಲ್ಲಿ ಇರಲಿಲ್ಲ. ಡಬ್ಬಿಯನ್ನು ಬೋರಲು ಹಾಕಿದೆ, ಬಾಜುವಿನ ಮಾಡವನ್ನೂ ತಡಕಿದೆ. ನಮ್ಮತ್ತೆ ಒಲೆಯ ಮುಂದೆ ರೊಟ್ಟಿ ಬೇಯಿಸುತ್ತಿದ್ದರು. ಹಂಚಿನ ಮೇಲಿನ ರೊಟ್ಟಿಗೆ ನೀರು ಸವರುವ ಅರಿವಿ ಅವರ ಕೈಯಲ್ಲಿತ್ತು. ಸುಟ್ಟು ಕಪ್ಪಾಗಿತ್ತು. ತುದಿಯಲ್ಲಿ ಒಂದು ಕೆಂಪು ಹೂವು ಇನ್ನೂ ಕಾಣುತ್ತಿತ್ತು. ‘ಮೆತ್ತಗ ಐತಿ ಅಂತ ಡಬ್ಬಿಯಿಂದ ತಗೊಂಡ್ನೆವಾ. ಬೇಕಿತ್ತೇನ?’ ಎಂದರು. ಅವರಿಗೇನು ಗೊತ್ತು...

ಹೊರಗೆ ಬಂದು, ‘ಎಲ್ಲೋ ಇಟ್ಟೇನ್ರಿ ವೈನಿ, ಹುಡುಕಿ ಕಳಸ್ತೇನಿ’ ಎಂದೆ. ಹೊಸ್ತಿಲಿನಿಂದ ಒಲೆ ಕಾಣುತ್ತದೆ. ಆಕೆ ನೋಡಿದಳೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ‘ಹೌದ್ರಿ’ ಎಂದಳು. ‘ಬರ್ತೇನ್ರಿ ಅಕ್ಕಾರ’ ಎಂದು ಹೋದಳು.

ಹೋದ ವರ್ಷ ಗುಡಗೇರಿ ಸಂತೆಯಲ್ಲಿ ಆಕೆಯ ಗಂಡನ ಜೊತೆ ಕೆಲಸ ಮಾಡಿದವರೊಬ್ಬರು ಸಿಕ್ಕಿದ್ದರು. ಆ ಅಕ್ಕಾರು ತೀರಿಕೊಂಡು ಎರಡು ವರ್ಷ ಆಯಿತು ಎಂದರು. ನಾನು ಕೈಯಲ್ಲಿದ್ದ ಬದನೆಕಾಯಿಯನ್ನು ವಾಪಸು ಬುಟ್ಟಿಯಲ್ಲಿಟ್ಟು ಮನೆಗೆ ಬಂದೆ. ಕ್ಷಮಿಸು ಎನ್ನಬೇಕಾದವಳು ಈಗ ಎಲ್ಲೂ ಇಲ್ಲ. ಆಕೆಯ ಮಗಳದೆಂದು ಇದ್ದ ಕಡೆಯ ಚೂರು ಹಂಚಿಗೆ ತಾಗಿ ಸುಟ್ಟು ಸುಟ್ಟು ನಮ್ಮ ಒಲೆಯಲ್ಲೇ ಬೂದಿಯಾಯಿತು.

ಮೊನ್ನೆ ಕೌದಿಯನ್ನು ಬಿಸಿಲಿಗೆ ಹರವಿ ನೋಡಿದೆ. ಲುಂಗಿ, ಸೀರೆ, ಶಾಲೆಯ ಅಂಗಿ ಎಲ್ಲ ಬಿಚ್ಚಿ ಜೋತಾಡುತ್ತಿವೆ. ನಡುವಿನ ಹಸಿರು ತುಂಡು ಮಾತ್ರ ಎಳೆಯಷ್ಟೂ ಅಲುಗಿಲ್ಲ. ಅದನ್ನಾದರೂ ಕಿತ್ತು ಆ ಜಾಗವನ್ನು ಖಾಲಿ ಬಿಡೋಣ ಎಂದು ಬ್ಲೇಡು ತಂದು ಕುಳಿತೆ. ಬ್ಲೇಡಿನ ತುದಿ ಹೋಗಲು ಸಂದು ಸಿಗಲಿಲ್ಲ. ಕಡೆಗೆ ಕೈಯಿಂದ ಹಿಡಿದು ಎಳೆದೆ. ಸುತ್ತಲಿನ ಕೌದಿ ಪರ್ರನೆ ಹರಿಯಿತು. ಹೊಲಿಗೆ ಬಿಡಲಿಲ್ಲ.